ನನ್ನ ಕಾಲಡಿಯ ಬ್ರೇಕು

ನಾನು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ನಮ್ಮ ಕಾರಿನಲ್ಲಿ ಕಲಿಯುವವರ ಕಾಲಡಿ ಒಂದು ಬ್ರೇಕು, ಪಕ್ಕದಲ್ಲಿ ಕೂರುವ ನನ್ನ ಕಾಲಡಿ ಇನ್ನೊಂದು. "ಮೊದಲ್ನೇ ಸಲ ಹೆದ್ರಿಕೆ ಆಗುತ್ತೆ, ರೂಢಿ ಆಗುತ್ತೆ ಬಿಡಿ" ಎಂದು ಊರಿಗೆಲ್ಲ ಧೈರ್ಯ ಹೇಳುವ ನಾನು ಎಂಥ ಪುಕ್ಕಲ ಎಂಬುದು ಆ ಎರಡನೆಯ ಬ್ರೇಕಿಗೆ ಮಾತ್ರ ಗೊತ್ತು. ರಸ್ತೆಯಂಚಿನಲ್ಲಿ ಬೆಕ್ಕು ಮೈಮುರಿದರೂ ಸಾಕು, ನನ್ನ ಕಾಲು ಒತ್ತಿಬಿಡುತ್ತದೆ.

ಇಂಥವನ ಹೊಟ್ಟೆಯಲ್ಲಿ ಹುಟ್ಟಿದ ಮಗಳು, ಹದಿನೆಂಟು ತುಂಬಿ ನನ್ನಿಂದ ಕಾರು ಕಲಿತದ್ದೇ ತಡ, ಹಳೆಯ ಬೈಕೊಂದನ್ನು ಮನೆಮುಂದೆ ತಂದು ನಿಲ್ಲಿಸಿದಳು. ಭಾನುವಾರ ಗೆಳತಿಯರ ಜೊತೆ ಬೆಟ್ಟದ ರಸ್ತೆಗೆ ಹೋಗುತ್ತಾಳಂತೆ. ನನ್ನ ಬಳಿಯೇ ಕಲಿತವನೊಬ್ಬ ಆ ತಿರುವುಗಳಲ್ಲಿ ಕಾಲು ಮುರಿದುಕೊಂಡಿದ್ದ. ಬೇಡವೆಂದೆ, ಕೂಗಾಡಿದೆ, ಮುಖ ಊದಿಸಿಕೊಂಡು ಊಟ ಬಿಟ್ಟೆ. ಹಸಿವು ತಾಳದೆ ನಾನೇ ಎದ್ದು ಅಡುಗೆಮನೆಗೆ ಹೋದರೆ ಹೆಂಡತಿ, "ಉಪವಾಸ ಮುಗೀತಾ? ಪಾತ್ರೆ ತೊಳೀಬೇಕು" ಎಂದಳು.

ಶನಿವಾರ, "ನಿನ್ನ ಕೈ ಎಷ್ಟು ಪಳಗಿದೆ ನೋಡ್ತೀನಿ" ಎಂದು ಗತ್ತಿನಿಂದ ಅವಳ ಹಿಂದೆ ಕೂತೆ. ಗತ್ತು ಮೊದಲ ತಿರುವಿನವರೆಗೆ ಬಾಳಿತು. ಆಮೇಲೆ ಅವಳ ಜಾಕೆಟ್ಟನ್ನು ಬಿಗಿಯಾಗಿ ಹಿಡಿದು, ಕಾಲಿಡುವ ಕಂಬಿಯನ್ನು ಒಂದೇ ಸಮನೆ ಒತ್ತತೊಡಗಿದೆ.

ಅವಳು ಗಾಡಿ ನಿಲ್ಲಿಸಿದಳು. "ಅಪ್ಪಾ, ಅಲ್ಲಿ ಬ್ರೇಕಿಲ್ಲ."

"ಗೊತ್ತು."

"ಕಾರು ಕಲಿಸುವಾಗ್ಲೂ ಹೀಗೇ. ನಾನು ತುಳಿಯೋಕೆ ಮುಂಚೆ ನೀನು ತುಳೀತಿದ್ದೆ. ನಿನ್ನ ಚಪ್ಪಲಿ ಸದ್ದು ಕೇಳಿಸ್ತಿತ್ತು. ಗಾಡಿ ನಿಲ್ಸೋಕೆ ನಂಗೆ ಬರುತ್ತೋ ಇಲ್ವೋ ಅಂತ ನಂಗೇ ಗೊತ್ತಾಗ್ಲಿಲ್ಲ. ಅದಕ್ಕೇ ಬೈಕ್ ತಗೊಂಡೆ. ಇದ್ರಲ್ಲಿ ನಿನ್ನ ಕಾಲಿಗೆ ಕೆಲಸ ಇಲ್ಲ."

ಊರಿಗೆ ಪಾಠ ಹೇಳುವ ನನಗೇ ಪಾಠವಾಯಿತು. ಸಿಟ್ಟೂ ಬಂತು, ನಾಚಿಕೆಯೂ ಆಯಿತು.

ಭಾನುವಾರ ಬೆಳಿಗ್ಗೆ ಅವಳು ಹೊರಟಾಗ ಹೆಲ್ಮೆಟ್ಟಿನ ಪಟ್ಟಿಯನ್ನು ಮತ್ತೆ ಮತ್ತೆ ಎಳೆದು ನೋಡಿದೆ. "ಉಸಿರಾಡೋಕಾದ್ರೂ ಬಿಡಪ್ಪಾ" ಎಂದಳು.

ಮನೆಯಲ್ಲಿ ಕೂತರೆ ಹುಚ್ಚು ಹಿಡಿದೀತೆಂದು ಪಾಠಕ್ಕೆ ಹೋದೆ. ಆ ದಿನದ ಶಿಷ್ಯ ದಪ್ಪ ಕನ್ನಡಕದ ದರ್ಜಿ. ಖಾಲಿ ಮೈದಾನದಲ್ಲಿ ಕಾರು ಬಿಡಲು ಕೊಟ್ಟು, ಜೀವಮಾನದಲ್ಲೇ ಮೊದಲ ಬಾರಿಗೆ ಎರಡೂ ಕಾಲನ್ನು ಸೀಟಿನ ಕಡೆಗೆಳೆದುಕೊಂಡು ಕೂತೆ. ಎದುರಿಗೆ ದೊಡ್ಡದೊಂದು ಕಸದ ಡಬ್ಬಿ. ದರ್ಜಿ ನನ್ನ ಕಾಲನ್ನು ನಂಬಿ ಹಾಯಾಗಿದ್ದ. ಢಬ್!

"ಸಾರ್, ನೀವ್ಯಾಕೆ ಬ್ರೇಕ್ ಹಾಕ್ಲಿಲ್ಲ?" ಎಂದು ಅವನೇ ನನ್ನನ್ನು ದಬಾಯಿಸಿದ. ಮುಂದಿನ ಸುತ್ತಿನಲ್ಲಿ ಮಾತ್ರ, ಡಬ್ಬಿ ಇನ್ನೂ ಮಾರು ದೂರ ಇರುವಾಗಲೇ ತಾನಾಗಿ ನಿಲ್ಲಿಸಿದ.

ಸಂಜೆ ಮಗಳು ಬಂದಳು. ಮೊಣಕೈ ತರಚಿತ್ತು, ಬೈಕಿನ ಒಂದು ಕನ್ನಡಿ ಇರಲಿಲ್ಲ, ಮುಖ ಮಾತ್ರ ಅರಳಿತ್ತು. ಬೈಯಲು ಕೂಡಿಟ್ಟಿದ್ದ ಮಾತೆಲ್ಲ ಮರೆತು, ಅವಳ ಹೆಲ್ಮೆಟ್ಟಿನ ಪಟ್ಟಿಯನ್ನು ನಾನೇ ಬಿಚ್ಚಿದೆ. ಅವಳು ಕಾರಿನ ನಜ್ಜಾದ ಮೂತಿ ನೋಡುತ್ತಿದ್ದಳು.

"ಇದೇನಾಯ್ತು?"

"ಬ್ರೇಕ್ ಹಾಕ್ಲಿಲ್ಲ."

"ಯಾರು, ನೀನಾ?" ಎಂದು ಜೋರಾಗಿ ನಕ್ಕಳು. ಆಮೇಲೆ ಆ ತರಚಿದ ಕೈಯಲ್ಲೇ ನನ್ನ ಬೆನ್ನು ತಟ್ಟಿದಳು.

"ಮೊದಲ್ನೇ ಸಲ ಹೆದ್ರಿಕೆ ಆಗುತ್ತೆ ಅಪ್ಪಾ. ರೂಢಿ ಆಗುತ್ತೆ ಬಿಡು."