ರೊಟ್ಟಿ ಬಡಿದು ಮಲಗಿದವಳು

ವಿಜಯಪುರದಲ್ಲಿ ನಿದ್ದೆಗೆಟ್ಟ ತರುಣರನ್ನು ಹುಡುಕುವುದು ಕಷ್ಟದ ಕೆಲಸವಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಕೋಣೆಗಳಿಗೆ ಹೋದರೂ ಸಿಗುತ್ತಾರೆ, ಹಾಸ್ಟೆಲುಗಳಲ್ಲಿ ಮೊಬೈಲಿನ ಬೆಳಕಿಗೆ ಮುಖ ಒಡ್ಡಿ ಮಲಗಿದವರನ್ನು ಕೇಳಿದರೂ ಸಿಗುತ್ತಾರೆ. ರಾಜೇಶ್ವರಿಗೆ ಅಂಥವರು ಒಂದೇ ವಾರದಲ್ಲಿ ಬೇಕಾದಷ್ಟು ಮಂದಿ ಸಿಕ್ಕಿದ್ದರು. ತೊಡಕು ಶುರುವಾದದ್ದು ಕಣ್ಣು ತುಂಬ ನಿದ್ದೆ ಮಾಡುವವರನ್ನು ಹುಡುಕಹೊರಟಾಗ.

ಅವಳು ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದಳು. ಇಪ್ಪತ್ತರಿಂದ ಇಪ್ಪತ್ತೈದರ ಪ್ರಾಯದವರು ಎಷ್ಟು ಹೊತ್ತು ಮಲಗುತ್ತಾರೆ, ಅದಕ್ಕೂ ಅವರ ನೆನಪಿಗೂ ಗಮನಕ್ಕೂ ಏನು ಸಂಬಂಧ ಎಂಬುದು ಅವಳ ಅಧ್ಯಯನದ ವಿಷಯ. ಒಪ್ಪಿದವರ ಮುಂಗೈಗೆ ಗಡಿಯಾರದಂಥ ಒಂದು ಪಟ್ಟಿಯನ್ನು ವಾರದ ಮಟ್ಟಿಗೆ ಕಟ್ಟುವುದು, ಕೈಯ ಅಲುಗಾಟದಿಂದ ಅವರು ಮಲಗಿದ್ದ ಹೊತ್ತನ್ನು ತಿಳಿಯುವುದು, ನೆನಪಿನ ಪರೀಕ್ಷೆ ಮಾಡುವುದು, ಕಡಿಮೆ ಮಲಗುವವರನ್ನೂ ಏಳೆಂಟು ತಾಸು ಮಲಗುವವರನ್ನೂ ಹೋಲಿಸುವುದು. ಎರಡನೆಯ ಗುಂಪಿಗೆ ಇನ್ನೂ ಒಬ್ಬ ಹುಡುಗಿ ಬೇಕಿತ್ತು. ಯುಗಾದಿಯೊಳಗೆ ಸಿಗದಿದ್ದರೆ ಹೋಲಿಕೆಯನ್ನೇ ಕೈಬಿಡಬೇಕಾಗುತ್ತದೆ ಎಂದು ಮಾರ್ಗದರ್ಶಕಿ ಸ್ಪಷ್ಟವಾಗಿ ಹೇಳಿದ್ದರು. ಕಿರಾಣಿ ಅಂಗಡಿಯ ಮನೆಯಲ್ಲಿ ಬೆಳೆದ ರಾಜೇಶ್ವರಿಗೆ ಹೋಲಿಕೆಯಿಲ್ಲದ ಅಧ್ಯಯನವೆಂದರೆ ಒಂದೇ ತಟ್ಟೆಯ ತಕ್ಕಡಿ.

ಅಣ್ಣ ಅರುಣಕುಮಾರ ಹನಿ ನೀರಾವರಿ ಪೈಪುಗಳ ವ್ಯಾಪಾರಿ. ಹಳ್ಳಿಗಳ ತಿರುಗಾಟ ಅವನಿಗೆ ಇದ್ದದ್ದೇ. ‘ನಡಿ, ನನ್ನ ಗಾಡ್ಯಾಗ ಬಾ’ ಎಂದು ತಂಗಿಯನ್ನೂ ಕರೆದುಕೊಂಡು ಹೊರಟ.

ಇಟ್ಟಂಗಿಹಾಳದಲ್ಲಿ ಯಾರೂ ಸಿಗಲಿಲ್ಲ. ದ್ರಾಕ್ಷಿ ಒಣಗುವ ಸಿಹಿ ವಾಸನೆ ತುಂಬಿದ್ದ ತಿಕೋಟಾದಲ್ಲಿ ಒಬ್ಬ ತಾಯಿ ಚಹಾ ಕೊಡುತ್ತ, ‘ನಮ್ಮ ಹುಡಿಗಿ ಮಲಗೂದ ಕಡಿಮಿ ಬಿಡ್ರಿ. ಕೋಳಿ ಕೂಗೂದ್ರಾಗ ಎದ್ದು ಅಂಗಳಾ ಬಳದಿರತಾಳ’ ಎಂದಳು. ಬಬಲೇಶ್ವರದ ಎರಡು ಮನೆಗಳಲ್ಲೂ ಅದೇ ಉತ್ತರ. ಹೋದಲ್ಲೆಲ್ಲ ರಾಜೇಶ್ವರಿಗೆ ಒಂದು ಪೇಡೆ, ಅರುಣಕುಮಾರನಿಗೆ ಎರಡು.

ಇಸ್ತ್ರಿ ಮಾಡಿದ ಸೀರೆಯುಟ್ಟ ಹುಡುಗಿಯೊಬ್ಬಳು, ಮದುವೆಯಾಗದ ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು, ‘ನಿಮ್ಮ ಮಗಳು ಎಷ್ಟಕ್ಕೆ ಏಳುತ್ತಾಳೆ’ ಎಂದು ಕೇಳಿದರೆ ಆ ಸೀಮೆಯಲ್ಲಿ ಅದಕ್ಕೆ ಇರುವುದು ಒಂದೇ ಅರ್ಥ. ಅದು ತಿಳಿಯದೆ ಉಳಿದವರು ಇವರಿಬ್ಬರೇ.

ನಿಡೋಣಿಯಲ್ಲಿ ಒಂದು ಮನೆಯ ಕಟ್ಟೆಯ ಮೇಲೆ ಕುಳಿತಿದ್ದ ಗುರಲಿಂಗಪ್ಪಜ್ಜ ಮಾತ್ರ ಬೇರೆ ರಾಗ ತೆಗೆದ.

‘ನಿದ್ದಿ ಮಾಡವ್ರು ಬೇಕೇನ್ರಿ? ಹಂಗಾರ ನಮ್ಮ ಮೊಮ್ಮಗಳನ್ನ ಬಿಟ್ಟು ಮುಂದ ಹೋಗಬ್ಯಾಡ್ರಿ. ಕಿವ್ಯಾಗ ಡೊಳ್ಳು ಬಾರಿಸಿದ್ರೂ ಹೊರಳೂದಿಲ್ಲ ಅಕಿ.’

ಒಳಗಿಂದ ಸೊಸೆ ಕಾಳವ್ವ ಸೆರಗು ಸರಿಮಾಡಿಕೊಳ್ಳುತ್ತ ಓಡಿ ಬಂದಳು. ‘ಮಾವಾರ, ನೀವು ಸುಮ್ಮ ಕುಂದರ್ರಿ. ವಯಸ್ಸಾಗೈತ್ರಿ ಯವ್ವಾ, ಏನರೆ ಅಂತಾರ. ನಮ್ಮ ಕಾವ್ಯಾ ನಸಕಿನ್ಯಾಗ ಏಳತಾಳ. ಬರ್ರಿ, ಒಳಗ ಬರ್ರಿ. ಉಂಡು ಹೋಗ್ರಿ. ರೊಟ್ಟಿ ಸೈತ ಅಕಿನ ಬಡದಾಳ.’

‘ನಿನ್ನಿ ಎಂಟಕ್ಕ ಹಲ್ಲು ತಿಕ್ಕಾಕತ್ತಿದ್ಲಲ್ಲ, ಅಕಿ ಯಾರು?’ ಎಂದ ಅಜ್ಜ. ಕಾಳವ್ವ ಕೇಳಿಸಿಕೊಳ್ಳಲಿಲ್ಲ.

ರೊಟ್ಟಿ ಕಾಗದದಷ್ಟು ತೆಳ್ಳಗಿದ್ದವು. ಅರುಣಕುಮಾರ ಶೇಂಗಾ ಹಿಂಡಿಯೊಡನೆ ನಾಲ್ಕನ್ನು ಮುಗಿಸಿ ಐದನೆಯದಕ್ಕೆ ಕೈ ಚಾಚಿದ. ಕಾಳವ್ವನ ಮುಖ ಅರಳಿತು.

ಕಾವ್ಯಾಗೆ ಇಪ್ಪತ್ತೆರಡು ವಯಸ್ಸು. ಬಿ.ಎ. ಮುಗಿಸಿ ಮನೆಯ ಬದಿಕೋಣೆಯಲ್ಲಿ ಕುಬಸ ಹೊಲಿಯುತ್ತಿದ್ದಳು. ನೆನಪಿನ ಪರೀಕ್ಷೆಗೆ ಇಬ್ಬರೇ ಆ ಕೋಣೆಯಲ್ಲಿ ಕುಳಿತಾಗ, ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದಳು.

‘ಅವ್ವ ಸುಳ್ಳ ಹೇಳಾಕತ್ತಾಳ್ರಿ ಅಕ್ಕಾರ. ನಾ ಬಡದ ರೊಟ್ಟಿ ನಮ್ಮ ಎಮ್ಮಿ ಮೂಸಿ ನೋಡಿ ಹಿಂದ ಸರೀತೈತಿ.’

‘ಏಳೂದು?’

‘ಅದನ್ನ ನಿಮ್ಮ ಗಡಿಯಾರನ ಹೇಳಲಿ. ನಾ ಯಾಕ ಮನಿ ಮಾನ ಕಳೀಲಿ?’

ರಾಜೇಶ್ವರಿ ಒಂದಕ್ಕೊಂದು ಸಂಬಂಧವಿಲ್ಲದ ಪದಗಳನ್ನು ಓದಿದಳು. ನಡುವೆ ಬೇರೆ ಮಾತಾಡಿ, ಅರ್ಧ ತಾಸಿನ ಮೇಲೆ ಅವನ್ನು ಮರಳಿ ಹೇಳಲು ಕೇಳಿದಳು. ನಗರದ ತರುಣರು ಅರ್ಧದಲ್ಲೇ ತಲೆ ಕೆರೆದುಕೊಂಡಿದ್ದರು. ಕಾವ್ಯಾ ಎಲ್ಲವನ್ನೂ ಹೇಳಿದಳು, ಬಳಿಕ ತಮಾಷೆಗೆಂದು ಹಿಂದಿನಿಂದ ಮುಂದಕ್ಕೂ ಹೇಳಿದಳು. ಮುಂಗೈಗೆ ಪಟ್ಟಿ ಕಟ್ಟಿಸಿಕೊಂಡು ಹೊರಗೆ ಬಂದಾಗ ಅರುಣಕುಮಾರನತ್ತ ಒಮ್ಮೆ ಕಣ್ಣು ಹಾಯಿಸಿ, ‘ನಿಮ್ಮ ಅಣ್ಣಾರ ಅಂಗಿದು ಎಡಗಡೆ ತೋಳು ಒಂದ ಬಟ್ಟು ಉದ್ದ ಐತ್ರಿ. ಯಾರು ಹೊಲದಾರ?’ ಎಂದಳು.

‘ರೆಡಿಮೇಡ್ ಐತ್ರಿ,’ ಎಂದ ಅರುಣಕುಮಾರ.

‘ಅದಕ್ಕ ಮತ್ತ.’

ವಿಜಯಪುರದವರೆಗೂ ಅವನು ಎಡತೋಳನ್ನು ಮಡಚುತ್ತ, ಬಿಚ್ಚುತ್ತ ಗಾಡಿ ನಡೆಸಿದ.

ವಾರ ಕಳೆದ ಮೇಲೆ ಪಟ್ಟಿ ಕೈಸೇರಿತು. ರಾಜೇಶ್ವರಿ ಮರುದಿನ ಬೆಳಗ್ಗೆ ಲ್ಯಾಪ್‌ಟಾಪ್ ತೆರೆದು ಕುಳಿತಳು. ಕಾಳವ್ವ ಹೇಳಿದ್ದೇ ನಿಜವಾಗಿತ್ತು. ಪ್ರತಿದಿನ ನಾಲ್ಕೂವರೆಯ ಹೊತ್ತಿಗೆ ಕೈ ಅಲುಗಾಡಲು ಶುರು. ಮಲಗಿದ್ದು ಐದು ತಾಸೂ ತುಂಬುವುದಿಲ್ಲ. ಕಾವ್ಯಾ ಎರಡನೆಯ ಗುಂಪಿಗೆ ಸೇರುವಂತಿರಲಿಲ್ಲ.

ಆದರೆ ರಾಜೇಶ್ವರಿ ಒಂದು ಗೆರೆಯನ್ನು ಪೂರ್ತಿ ನೋಡದೆ ಮುಂದಿನದಕ್ಕೆ ಹೋಗುವವಳಲ್ಲ. ಐದರ ಸುಮಾರಿಗೆ ಒಂದು ವಿಚಿತ್ರ ಗುರುತಿತ್ತು: ಒತ್ತೊತ್ತಾದ ಸಮನಾದ ಏಟುಗಳು, ತುಸು ಬಿಡುವು, ಮತ್ತೆ ಏಟುಗಳು, ಮತ್ತೆ ಬಿಡುವು. ಮುಕ್ಕಾಲು ತಾಸಿನವರೆಗೆ ಅದೇ ಲಯ. ಇನ್ನೂ ವಿಚಿತ್ರವೆಂದರೆ, ಆರೂವರೆಗೆ ಆ ಕೈ ಇದ್ದಕ್ಕಿದ್ದಂತೆ ಕಲ್ಲಾಗುತ್ತಿತ್ತು. ಗಾಢ ನಿದ್ದೆಯಲ್ಲಿದ್ದವರ ಕೈಯ ಹಾಗೆ ಏಳರ ತನಕ ಅಲುಗುತ್ತಲೇ ಇರಲಿಲ್ಲ.

ಆ ಹೊತ್ತಿಗೆ ಅಡುಗೆಮನೆಯಿಂದ ಸದ್ದು ಬಂತು. ಪಟ ಪಟ ಪಟ ಪಟ. ಬಿಡುವು. ಪಟ ಪಟ ಪಟ ಪಟ.

ರಾಜೇಶ್ವರಿ ಪರದೆಯನ್ನು ನೋಡಿದಳು, ಅಡುಗೆಮನೆಯನ್ನು ನೋಡಿದಳು. ಪಟ್ಟಿ ಹಿಡಿದು ಎದ್ದಳು.

‘ಬೇ ಅವ್ವಾ, ಕೈ ಚಾಚು.’

‘ಹಿಟ್ಟಿನ ಕೈ ಐತಿ. ಏನು ಕಟ್ಟತಿ ಅದು?’

‘ನೀ ರೊಟ್ಟಿ ಬಡೀತಿರು. ನನ್ನ ಕಡೆ ನೋಡಬ್ಯಾಡ.’

‘ಎಂ.ಎಸ್ಸಿ. ಓದಿಸಿದ್ದು ಇದಕ್ಕೇನು?’ ಎಂದು ಗೊಣಗಿದರೂ ಅವ್ವ ಬಡಿದಳು, ಹಂಚಿಗೆ ಹಾಕಿದಳು, ಬಡಿದಳು. ರಾಜೇಶ್ವರಿ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟಳು. ಒಂದೇ ಊರಿನ ಎರಡು ಮನೆಗಳಂತೆ ಹೋಲುತ್ತಿದ್ದವು. ನಿಡೋಣಿಯ ಆ ಕೈ ನಸುಕಿನಲ್ಲಿ ರೊಟ್ಟಿ ಬಡಿದಿತ್ತು. ಕಾವ್ಯಾಗೆ ರೊಟ್ಟಿ ಬಡಿಯಲು ಬರುವುದಿಲ್ಲ. ಅಷ್ಟೇ ಅಲ್ಲ, ಅಷ್ಟು ರೊಟ್ಟಿ ಬಡಿದ ಯಾವ ಹೆಣ್ಣುಮಗಳು ಲೋಕದಲ್ಲಿ ಆರೂವರೆಗೆ ಮತ್ತೆ ಮಲಗಿ ಗೊರಕೆ ಹೊಡೆಯುತ್ತಾಳೆ?

ನಗು ತಡೆಯಲಾಗದೆ ಅವಳು ಅಣ್ಣನನ್ನು ಕೂಗಿದಳು. ‘ನಿಡೋಣಿಗೆ ಹೋಗಬೇಕು.’ ಅರುಣಕುಮಾರ ಯಾಕೆ ಎಂದು ಕೇಳುವ ಮೊದಲೇ ಚಪ್ಪಲಿ ಮೆಟ್ಟಿದ್ದ.

ನಿಡೋಣಿಯ ಮನೆಯ ಪಡಸಾಲೆಯಲ್ಲಿ ಚಹಾ ಬಂತು. ರಾಜೇಶ್ವರಿ ಕಾವ್ಯಾಳನ್ನು ಕೇಳಿದಳು. ‘ಈ ಪಟ್ಟಿ ರಾತ್ರಿ ಬಿಚ್ಚಿದ್ದಿಯೇನು?’

‘ಒಂದ ದಿನಾನೂ ಬಿಚ್ಚಿಲ್ರಿ. ಮಲಗೂವಾಗೂ ಕೈಯಾಗ ಇತ್ತು, ಎದ್ದಾಗೂ ಕೈಯಾಗ ಇತ್ತು.’

‘ನಡುವ?’

‘ನಡುವ ನಾ ಎಲ್ಲಿರತೇನ್ರಿ?’

ಗುರಲಿಂಗಪ್ಪಜ್ಜ ಮೊದಲು ನಕ್ಕ. ಕಾಳವ್ವ ತಲೆ ತಗ್ಗಿಸಿ ಸೆರಗಿನ ಅಂಚನ್ನು ಸುತ್ತತೊಡಗಿದಳು.

‘ಅಕಿ ಮಲಗಿದ ಮ್ಯಾಲ ನಾ ಬಿಚ್ಚಿ ಕಟಗೊಂಡೆನ್ರಿ. ಏಳೂಕಿಂತ ಮುಂಚೆ ತಿರುಗಿ ಕಟ್ಟತಿದ್ದೆ. ಅಕಿಗೆ ಸುದ್ದಿನ ಇಲ್ಲ.’

‘ಅವ್ವಾ,’ ಎಂದಳು ಕಾವ್ಯಾ, ‘ಕಳ್ಳರು ಬಂದ್ರ ನನ್ನೂ ಎತಗೊಂಡು ಹೋಗತಾರ.’

‘ನೀ ಸುಮ್ಮಿರ ಲೇ. ಸೊಸಿ ನೋಡಾಕ ಬಂದವ್ರ ಮುಂದ, ನನ್ನ ಮಗಳು ಏಳಕ್ಕ ಏಳತಾಳಂತ ಆ ಗಡಿಯಾರ ಹೇಳಿದ್ರ ಹೆಂಗವ್ವಾ?’

‘ಸೊಸಿ ನೋಡಾಕ?’ ಎಂದಳು ರಾಜೇಶ್ವರಿ.

ಅರುಣಕುಮಾರನಿಗೆ ಚಹಾ ನೆತ್ತಿಗೇರಿತು. ಕೆಮ್ಮು ನಿಂತ ಮೇಲೆ ಮೆಲ್ಲಗೆ, ‘ಎಲ್ಲಾರೂ ನನಗ ಯಾಕ ಎರಡೆರಡು ಪೇಡೆ ಕೊಟ್ರು ಅಂತ ಈಗ ತಿಳೀತು’ ಎಂದ.

ರಾಜೇಶ್ವರಿ ಎಲ್ಲವನ್ನೂ ಬಿಡಿಸಿ ಹೇಳಿದಳು. ತಾನು ಕನ್ಯೆ ನೋಡಲು ಬಂದವಳಲ್ಲ, ನಿದ್ದೆಯನ್ನು ನೋಡಲು ಬಂದವಳು. ಕಾಳವ್ವ ಪೂರ್ತಿ ಕೇಳಿದಳು. ಬಳಿಕ ಎದ್ದು ಮಗಳು ಮಲಗುವ ಕೋಣೆಯ ಬಾಗಿಲು ತೆರೆದಳು. ಮೂಡಣ ಕಿಟಕಿಗೆ ದಪ್ಪನೆಯ ಕೌದಿಯೊಂದನ್ನು ಮೊಳೆ ಹೊಡೆದು ತೂಗುಬಿಟ್ಟಿತ್ತು.

‘ಬಿಸಲು ಬೀಳಬಾರದಂತ ನಾನ ಕಟ್ಟೇನಿ. ನಾ ಈ ಮನಿಗೆ ಬಂದಾಗ ಹತ್ತೊಂಬತ್ತರಾಕಿ. ಕಣ್ಣು ತುಂಬ ಮಲಗಿದ್ದ ನೆನಪಿಲ್ಲ. ಉಪ್ಪಿನ ಡಬ್ಬಿ ಕೈಯಾಗ ಹಿಡಕೊಂಡು ಉಪ್ಪು ಎಲ್ಲೈತಿ ಅಂತ ಹುಡಕತಿದ್ದೆ. ನಮ್ಮತ್ತಿ, ಈಕಿ ತಲ್ಯಾಗ ಮಣ್ಣೈತಿ ಅಂತಿದ್ರು. ಮಣ್ಣಲ್ಲವ್ವಾ, ನಿದ್ದಿ ಇರಲಿಲ್ಲ. ಮಗಳು ಹುಟ್ಟಿದಾಗ ಮನಸಿನ್ಯಾಗ ಅಂದಕೊಂಡೆ, ಈಕಿ ಈ ಮನ್ಯಾಗ ಇರೂತನಕ ಮಲಗಲಿ ಅಂತ. ಆದ್ರ ಮಂದಿ ಮುಂದ ಹೇಳಾಕ ಬರತೈತೇನು?’

ಅಜ್ಜ ನಗುವುದನ್ನು ನಿಲ್ಲಿಸಿದ್ದ. ರಾಜೇಶ್ವರಿ ಕೌದಿಯ ಹೊಲಿಗೆಯನ್ನೇ ನೋಡುತ್ತ ನಿಂತಳು. ಮಾತನ್ನು ತೂಗಿ ಆಡುವುದು ಅವಳ ರೂಢಿ.

‘ಹೇಳಾಕ ಬರತೈತ್ರಿ. ನಾವು ಮಲಗಿದಾಗ ಮಿದುಳು ಸುಮ್ಮ ಕೂಡೂದಿಲ್ಲ. ದಿನಾ ಕಲತದ್ದನ್ನ ಒಪ್ಪ ಮಾಡಿ ಇಡತೈತಿ. ನಿದ್ದಿ ಕಡಿಮಿ ಆದ್ರ ಗಮನ ತಪ್ಪತೈತಿ, ನೆನಪು ಜಾರತೈತಿ. ನಿಮ್ಮ ಮಗಳ ನೆನಪು ನಿದ್ದಿಯಿಂದನ ಬಂತು ಅಂತ ನಾ ಹೇಳೂದಿಲ್ಲ, ಒಬ್ಬರನ್ನ ನೋಡಿ ಹಂಗ ಹೇಳಬಾರದು. ಅದಕ್ಕ ಮಲಗವ್ರ ಒಂದು ಗುಂಪು ಬೇಕು. ಆ ಗುಂಪಿಗೆ ಒಬ್ಬಾಕಿ ಕಡಿಮಿ ಇದ್ದಾಳ.’

‘ಅದ್ರಾಗ ಹೆಸರು ಬರತೈತೇನು?’ ಎಂದಳು ಕಾಳವ್ವ.

‘ಇಲ್ರಿ. ಬರೀ ನಂಬರು.’

‘ಬಂದ್ರ ಬರಲಿ ಅಂತ ಕೇಳಿದೆ. ಇಷ್ಟು ದಿನಾ ಮುಚ್ಚಿಟ್ಟದ್ದು ಸಾಕಾತು.’

ಕಾವ್ಯಾ ತಾನಾಗಿಯೇ ಕೈ ಚಾಚಿದಳು. ಈ ಸಲ ಪಟ್ಟಿಯನ್ನು ಕಟ್ಟಿದವಳು ಕಾಳವ್ವ.

ಯುಗಾದಿಗೆ ಇನ್ನೂ ನಾಲ್ಕು ದಿನವಿರುವಾಗ ಅಣ್ಣ ತಂಗಿ ಮತ್ತೆ ನಿಡೋಣಿಗೆ ಬಂದರು. ಪಡಸಾಲೆಯಲ್ಲೇ ಲ್ಯಾಪ್‌ಟಾಪ್ ತೆರೆದಾಗ ಮನೆಯವರೆಲ್ಲ ಸುತ್ತ ಕುಳಿತರು. ಪರದೆಯ ತುಂಬ ನೀಳವಾದ, ಸಮತಟ್ಟಾದ ಗೆರೆ.

‘ಇದೇನ್ರಿ, ಏನೂ ಇಲ್ಲಲ್ಲ?’ ಎಂದ ಅಜ್ಜ.

‘ಅದ ನಿದ್ದಿ ಅಜ್ಜಾ.’

ಕಾಳವ್ವ ಗೆರೆಯ ಮೇಲೆ ಬೆರಳಾಡಿಸಿದಳು. ‘ಐದು ಎಲ್ಲೈತಿ?’ ರಾಜೇಶ್ವರಿ ತೋರಿಸಿದಳು. ಕಾಳವ್ವ ಬಾಗಿಲಾಚೆ ರೊಟ್ಟಿ ಬಡಿಯುತ್ತಿದ್ದ ಆ ಹೊತ್ತಿನಲ್ಲೂ ಗೆರೆ ಕೆರೆಯ ನೀರಿನಂತೆ ನಿಶ್ಚಲವಾಗಿತ್ತು. ಏಳು ದಿನ, ಏಳೂ ಹಾಗೇ. ಕಾಳವ್ವ ಬೆರಳನ್ನು ಬೇಗ ತೆಗೆಯಲಿಲ್ಲ.

ರಾಜೇಶ್ವರಿ ಮಾರ್ಗದರ್ಶಕಿಗೆ ಫೋನು ಮಾಡಿ ಗುಂಪು ಭರ್ತಿಯಾಯಿತೆಂದು ತಿಳಿಸಿದಳು. ‘ಹೋಲಿಕೆ ಬರೆಯಲು ಶುರುಮಾಡು’ ಎಂಬ ಉತ್ತರ ಬಂತು. ತಕ್ಕಡಿಗೆ ಎರಡನೆಯ ತಟ್ಟೆ ಬಂದಿತ್ತು. ಫೋನಿಟ್ಟು ತಿರುಗಿದರೆ ಕಾಳವ್ವ ಅರುಣಕುಮಾರನ ಮುಂದೆ ಪೇಡೆಯ ತಟ್ಟೆ ಹಿಡಿದು ನಿಂತಿದ್ದಳು. ತಟ್ಟೆಯಲ್ಲಿ ಮೂರಿದ್ದವು. ಅವನು ಹೊಸ ಅಂಗಿ ತೊಟ್ಟು, ತೋಳು ಸಣ್ಣದು ಮಾಡಿಸಲೆಂದು ಹಳೆಯದನ್ನು ಚೀಲದಲ್ಲಿ ತಂದಿದ್ದ. ಕಾವ್ಯಾ ಎದ್ದುಹೋಗಿದ್ದ ಹೊಲಿಗೆಯ ಕೋಣೆಯಲ್ಲಿ ಯಂತ್ರದ ಸದ್ದು ನಿಂತಿತ್ತು.

‘ನೀವು ಎಷ್ಟು ತಾಸು ಮಲಗತೀರಿ?’ ಎಂದು ಕಾಳವ್ವ ಕೇಳಿದಳು.

‘ಹತ್ತೂವರಿಗೆ ಮಲಗಿ ಆರೂವರಿಗೆ ಏಳತೇನ್ರಿ.’

‘ಬಾಯಿಲೆ ಯಾರರೆ ಹೇಳತಾರ. ತಂಗೀ, ಆ ಗಡಿಯಾರ ಇವ್ರ ಕೈಗೂ ಒಂದ ವಾರ ಕಟ್ಟವ್ವಾ.’

‘ಅಣ್ಣಗ ಇಪ್ಪತ್ತೆಂಟ್ರಿ,’ ಎಂದಳು ರಾಜೇಶ್ವರಿ, ಸತ್ಯಕ್ಕೆ ಚ್ಯುತಿ ಬರಬಾರದೆಂದು. ‘ನನ್ನ ಅಧ್ಯಯನದಾಗ ಬರೂದಿಲ್ಲ.’

‘ನಿನ್ನದ್ರಾಗ ಬರದಿದ್ರ ಬಿಡು, ನನ್ನದ್ರಾಗ ಬರತೈತಿ.’

‘ರಾತ್ರಿ ಅವರವ್ವ ಬಿಚ್ಚಿಗೊಳ್ಳದಂಗ ನೋಡ್ಕೋರಿ ಅಕ್ಕಾರ,’ ಎಂದು ಒಳಗಿನಿಂದ ಕಾವ್ಯಾಳ ದನಿ ಬಂತು.

ರಾಜೇಶ್ವರಿ ಪಟ್ಟಿಯನ್ನು ಒರೆಸಿ, ಹೊಸದಾಗಿ ಶುರುಮಾಡಿ, ತಾರೀಖನ್ನು ಸರಿನೋಡಿ ತಲೆಯೆತ್ತಿದಳು. ಅರುಣಕುಮಾರ ಆಗಲೇ ಎಡತೋಳು ಮೇಲೇರಿಸಿ, ಮುಂಗೈ ಚಾಚಿ ಕುಳಿತಿದ್ದ.