ಜ್ವರವನ್ನು ಕರೆದುಕೊಂಡು

ಕಿತ್ತಳೆ ವಾಸನೆ, ಯಾರೋ ಸುಲಿಯುತ್ತಿದ್ದಾರೆ, ಜನವರಿಯಲ್ಲಿ ಈ ರೈಲಿನ ತುಂಬ ಕಿತ್ತಳೆ ಸಿಪ್ಪೆಯೇ, ಎದುರು ಸೀಟಿನ ಗುಜರಾತಿ ಹೆಂಗಸು ಮಡಿಲಲ್ಲಿ ಕರವಸ್ತ್ರ ಹಾಸಿಕೊಂಡು ಒಂದೊಂದೇ ತೊಳೆ ಬಿಡಿಸಿ ನಾರು ತೆಗೆಯುತ್ತಿದ್ದಾಳೆ, ನನ್ನ ತೊಡೆಯ ಮೇಲೆ ನಿಶ್ಚಿತಾಳ ತಲೆ, ಕಾದ ತಲೆ, ಪ್ಯಾಂಟಿನ ಬಟ್ಟೆ ದಾಟಿ ಬಿಸಿ ತಾಕುತ್ತಿದೆ, ಒಳ್ಳೆಯದು, ಹೀಗೇ ಇರಲಿ — ಹೀಗೇ ಇರಲಿ ಅಂದೆನೇ ನಾನು, ಅಂದೆ, ಮಗಳ ಜ್ವರ ಇಳಿಯಬಾರದು ಎಂದು ಬೇಡಿಕೊಳ್ಳುವ ಅಪ್ಪ ವಡೋದರಾದಿಂದ ಅಹಮದಾಬಾದಿಗೆ ಹೋಗುವ ಈ ಡಬ್ಬಿಯಲ್ಲಿ ನಾನೊಬ್ಬನೇ ಇದ್ದೇನು. ರಾತ್ರಿ ಪಾಳಿ ಮುಗಿಸಿ ಹಾಗೇ ಬಂದಿದ್ದೇನೆ, ಅಂಗಿಗೆ ಇನ್ನೂ ಕೊಯಾಲಿ ರಿಫೈನರಿಯ ಎಣ್ಣೆ ವಾಸನೆ, ಕಣ್ಣಲ್ಲಿ ಮರಳು, ನಿದ್ದೆ ಮಾಡುವಂತಿಲ್ಲ, ಅವಳ ಮೇಲ್ತುಟಿ ನೋಡುತ್ತಿರಬೇಕು. ಅಲ್ಲಿಂದಲೇ ಅದು ಶುರುವಾಗುವುದು, ಪ್ರತಿ ಸಲವೂ, ಮೂಗಿನ ಕೆಳಗೆ, ಮೇಲ್ತುಟಿಯ ಮೇಲೆ ಸಾಸಿವೆಯಷ್ಟು ಒಂದು ಬೆವರ ಹನಿ, ಆಮೇಲೆ ಹಣೆ, ಕುತ್ತಿಗೆ, ಆಮೇಲೆ ದಿಂಬೆಲ್ಲ ಒದ್ದೆ, ಅರ್ಧ ಗಂಟೆಯಲ್ಲಿ ಎದ್ದು ಕೂತು ಮಮ್ಮೀ ಭೂಖ ಲಾಗಿ ಎಂದು ತಿನ್ನಲು ಕೇಳುತ್ತಾಳೆ, ಆ ಹನಿ ಕಂಡರೆ ಅವಳ ತಾಯಿ ನೀಲಾ ನನ್ನ ತೋಳು ಹಿಡಿದು ಬಂತು ನೋಡ್ರಿ, ಬಂತು ಅನ್ನುತ್ತಿದ್ದಳು, ಇಬ್ಬರೂ ಹುಚ್ಚರ ಹಾಗೆ ನಗುತ್ತಿದ್ದೆವು. ಈಗ ತುಟಿ ಒಣಗಿದೆ, ಬಿರಿದಿದೆ. ಒಳ್ಳೆಯದು.

ಕೆಮ್ಮಿಲ್ಲ, ನೆಗಡಿಯಿಲ್ಲ, ಎಲ್ಲಿಂದಲೋ ಬರುತ್ತದೆ, ಮೂರು ದಿನ ಇರುತ್ತದೆ, ಹೋಗುತ್ತದೆ, ಇನ್ನೇನು ಮರೆತೆವು ಅನ್ನುವಾಗ ಮತ್ತೆ, ಒಂದು ವರ್ಷದಿಂದ ಹೀಗೇ, ಮಲೇರಿಯಾ ಅಂದರು ಆ ಔಷಧಿ ಕುಡಿಸಿದೆವು, ಟೈಫಾಯ್ಡ್ ಅಂದರು ಅದೂ ಆಯಿತು, ಎದೆ ಫೋಟೊ ತೆಗೆಸಿದೆವು, ಊರಿಂದ ಅತ್ತೆ ಫೋನಿನಲ್ಲಿ ಉಪ್ಪು ಮೆಣಸಿನಕಾಯಿ ಇಳಿಸಿ ಒಗೀರಿ, ಕೂಸಿಗೆ ಕಣ್ಣಾಗೇದ ಅಂದರು, ಇಳಿಸಿ ಒಗೆದೆವು, ಕ್ವಾರ್ಟರ್ಸಿನ ಮೆಟ್ಟಿಲೆಲ್ಲ ಘಾಟು, ಮೇಲಿನ ಮನೆಯವರು ಕೆಮ್ಮುತ್ತ ಕೆಳಗಿಳಿದು ಬಂದರು. ನನ್ನ ಪಾಳಿಯ ದಿವಾಕರ, ಉಡುಪಿ ಕಡೆಯವನು, ನೋಡು ಮಾರಾಯ, ರಾತ್ರಿಯಿಡೀ ಫರ್ನೇಸು ಕಾಯ್ತಿ, ಮುಳ್ಳು ಒಂದಿಷ್ಟು ಏರಿದ್ರೆ ಇಳಿಸ್ತಿ, ಮನೆಗೆ ಹೋದ್ರೂ ಅದೇ ಡ್ಯೂಟಿಯಾ ಅಂದ, ನಗಿಸಲಿಕ್ಕೆ ಅಂದದ್ದು, ನಕ್ಕೆ. ಅಹಮದಾಬಾದಿನಲ್ಲಿ ನವರಂಗಪುರದ ಡಾಕ್ಟರೂ ನಗುವವರೇ. ಎರಡು ಸಲ ಜ್ವರ ಇರುವಾಗಲೇ ಹೊರಟಿದ್ದೆವು, ಸಿರಪ್ ಕುಡಿಸಿ, ದಾರಿಯಲ್ಲೇ ಇಳಿಯಿತು, ಎರಡನೆಯ ಸಲವಂತೂ ಆಟೊದಿಂದ ಹಾರಿ ಮೆಟ್ಟಿಲು ಹತ್ತಿ ಓಡಿದಳು, ಚೀಟಿ ಕೊಡುವ ಹುಡುಗಿಯ ಹತ್ತಿರ ಚಾಕೊಲೇಟ್ ಇಸಿದುಕೊಂಡು ತಿನ್ನುತ್ತ ಕೂತಳು, ಡಾಕ್ಟರು ಕನ್ನಡಕ ತೆಗೆದು, ಚನ್ನಬಸಪ್ಪಜೀ, ನೀವು ಯಾವಾಗಲೂ ಆರೋಗ್ಯವಾಗಿರೋ ಮಗುವನ್ನೇ ತರ್ತೀರಿ, ಈ ಸಲ ಜ್ವರವನ್ನು ಕರೆದುಕೊಂಡು ಬನ್ನಿ. ಬೆಳಗ್ಗೆಯಿಂದ ಸಿರಪ್ ಕೊಡಬೇಡಿ, ನೀರು ಕುಡಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ತೀರಾ ಮಂಕಾದರೆ ನನ್ನ ಮಾತು ಬಿಟ್ಟುಬಿಡಿ, ಇಲ್ಲವಾದರೆ ಹಾಗೇ ತನ್ನಿ, ಏರಿದಾಗ ಗಂಟಲು ನೋಡಬೇಕು, ಕುತ್ತಿಗೆಯ ಗಂಟು ನೋಡಬೇಕು, ರಕ್ತ ಆಗಲೇ ತೆಗೀಬೇಕು. ಹಿಂದಿಯಲ್ಲಿ ನಿಧಾನವಾಗಿ ಹೇಳಿದರು. ಆಮೇಲೆ ನೀಲಾ ಚಿಕ್ಕವನು ಸ್ಕಂದನಿಗೆ ಹಾಲು ಕುಡಿಸಲು ಒಳಗೆ ಹೋದಾಗ ಧ್ವನಿ ತಗ್ಗಿಸಿ ಇನ್ನೊಂದು ಹೇಳಿದರು. ಈ ಸಲವೂ ಕಣ್ಣಿಗೆ ಬೀಳದಿದ್ದರೆ ಇನ್ನು ಕಾಯುವುದಿಲ್ಲ, ಮೂಳೆಯೊಳಗಿನ ಮಜ್ಜೆ ತೆಗೆದು ನೋಡಬೇಕು, ಕೆಟ್ಟದ್ದು ಯಾವುದೂ ಅಲ್ಲ ಎಂದು ಖಾತ್ರಿ ಆಗಬೇಕಲ್ಲ. ತಮ್ಮ ಸೊಂಟದ ಹಿಂದೆ ಬೆರಳಿಟ್ಟು ಜಾಗ ತೋರಿಸಿದರು, ಇಲ್ಲಿ. ಸೂಜಿ ದಪ್ಪ ಇರ್ತದಾ ಸಾಬ್ ಎಂದು ಕೇಳಿದೆ. ದಪ್ಪ ಇರ್ತದೆ ಅಂದರು. ನೀಲಾಗೆ ಹೇಳಲಿಲ್ಲ, ಎಂಟು ತಿಂಗಳ ಕೂಸು, ಅವಳಿಗೆ ಮೊದಲೇ ನಿದ್ದೆ ಇಲ್ಲ, ಇಬ್ಬರೂ ಯಾಕೆ ನಿದ್ದೆ ಕೆಡಬೇಕು ಅಂದುಕೊಂಡೆ.

ಆಣಂದ್. ಪ್ಲಾಟ್‌ಫಾರ್ಮಿನಲ್ಲಿ ಚಾಯ್ ಚಾಯ್, ತಂತಿಗಳ ಮೇಲೆಲ್ಲ ಉತ್ತರಾಯಣದ ಹಬ್ಬಕ್ಕೆ ಹಾರಿಸಿ ಹರಿದ ಗಾಳಿಪಟ, ದಿನಾ ಓಡಾಡುವ ಪಾಸಿನವರು ಹತ್ತಿ ಬ್ರೀಫ್‌ಕೇಸ್ ತೊಡೆಯ ಮೇಲಿಟ್ಟು ಇಸ್ಪೀಟು ಹಂಚಿದರು, ಬಂದವರ ಕಾಲು ತಾಗಿ ನಿಶ್ಚಿತಾ ನರಳಿದಳು. ಎದುರಿನ ಹೆಂಗಸು ಬಗ್ಗಿ ಹಣೆ ಮುಟ್ಟಿದಳು, ಹಾಯ್ ಹಾಯ್, ಬೇಬೀನೇ ತೋ ತಾವ್ ಛೇ, ಜ್ವರ ಇದೆಯಲ್ಲ, ದವಾ ಆಪೀ, ಔಷಧಿ ಕೊಟ್ಟಿರಾ? ಇಲ್ಲ ಬೆನ್, ಡಾಕ್ಟರು ಕೊಡಬೇಡ ಅಂದಿದ್ದಾರೆ. ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು, ಮಗುವಿನ ತಾಯಿ ಎಲ್ಲಿ ಅಂದಳು, ಮನೆಯಲ್ಲಿ ಚಿಕ್ಕ ಕೂಸಿದೆ ಅಂದೆ, ಅದಕ್ಕೇ ಹೀಗೆ ಅನ್ನುವ ಹಾಗೆ ತಲೆಯಾಡಿಸಿದಳು. ಇಸ್ಪೀಟಿನ ಬೋಳುತಲೆಯವನು ಜೇಬಿನಿಂದ ಜ್ವರದ ಗುಳಿಗೆ ತೆಗೆದು ಅರ್ಧ ಮುರಿದು ಕೊಡಲೇ ಭಾಈ ಅಂದ, ಬೇಡ ಅಂದೆ, ಇದೊಳ್ಳೇ ಡಾಕ್ಟರು, ದವಾ ಕೊಡದೇ ಇರಲಿಕ್ಕೂ ಫೀಸ್ ತಗೋತಾನಾ ಅಂದ, ನಾಲ್ಕೂ ಜನ ನಕ್ಕರು, ಎಲೆ ಒಗೆ ಮೊದಲು, ನಗೋದು ಆಮೇಲೆ ಎಂದು ಇನ್ನೊಬ್ಬ. ಗುಳಿಗೆ ನನ್ನ ಮೂಗಿನ ಮುಂದೆಯೇ ಇತ್ತು, ಬಿಳಿ ಅರ್ಧಚಂದ್ರ. ಮಗಳ ಕೈ ನನ್ನ ಬೆರಳು ಹಿಡಿದಿತ್ತು, ಸುಡುವ ಕೈ. ಬೇಡ ಭಾಈ, ಧನ್ಯವಾದ. ಹೊರಡುವಾಗ ನೀಲಾ ಗೇಟಿನ ತನಕ ಬಂದಿದ್ದಳು, ಸ್ಕಂದ ಸೊಂಟದ ಮೇಲೆ ಅಳುತ್ತಿದ್ದ, ನಿಶ್ಚಿತಾಳ ಸ್ವೆಟರಿನ ಗುಂಡಿ ಹಾಕಿ, ತೆಗೆದು, ಮತ್ತೆ ಹಾಕಿ, ದಾರ್ಯಾಗ ಸಿಟ್ಟಿಗೇಳಬ್ಯಾಡ್ರಿ ಅಂದಳು, ಕೂಸಿನ ಮ್ಯಾಲೆ ಯಾಕ ಸಿಟ್ಟಿಗೇಳ್ಲಿ ಅಂದೆ, ಕೂಸಿನ ಮ್ಯಾಲೆ ಅಲ್ರಿ ಅಂದಳು, ಅಷ್ಟರಲ್ಲಿ ಆಟೊದವನು ಹಾರ್ನ್ ಹೊಡೆದ.

ನಡಿಯಾದ್ ದಾಟಿತು. ಕೆನ್ನೆ ತಾಗಿಸಿ ನೋಡಿದೆ, ಬಿಸಿಯಿದೆ, ಮೊದಲಿನಷ್ಟಿದೆಯೇ, ಇದೆ, ನನ್ನ ಕೆನ್ನೆಯೇ ತಣ್ಣಗಾಗಿದೆಯೇನೋ, ಚೀಲದಲ್ಲಿ ಥರ್ಮಾಮೀಟರ್ ಇದೆ, ತೆಗೆಯಲಾರೆ, ತೆಗೆದರೆ ಗೊತ್ತಾಗಿಬಿಡುತ್ತದೆ. ಕಿತ್ತಳೆ ವಾಸನೆ. ಆ ಹೆಂಗಸು ತಿಂದು ಮುಗಿಸಿ ಸಿಪ್ಪೆಯನ್ನು ಕಿಟಕಿಯಿಂದ ಎಸೆದು ಎಷ್ಟೋ ಹೊತ್ತಾಯಿತು, ಜಪಮಾಲೆಯ ಚೀಲದಲ್ಲಿ ಕೈಯಿಟ್ಟು ಕೂತಿದ್ದಾಳೆ, ಆದರೂ ವಾಸನೆ, ಹಣ್ಣಿನದಲ್ಲ, ಸಿಹಿ ಜಾಸ್ತಿ, ಪೆಪ್ಪರಮೆಂಟಿನ ಹಾಗೆ, ಎಲ್ಲಿಂದ, ಬಗ್ಗಿದೆ, ಮಗಳ ಬಾಯಿಂದ. ಇನ್ನೂ ಬಗ್ಗಿದೆ. ಸ್ವೆಟರಿನ ಕೊರಳ ಬಳಿ ಅಂಟಂಟು, ಕೇಸರಿ ಬಣ್ಣ, ಒಣಗಿದೆ. ಏನ್ ತಿಂದಿ ಮಗಾ. ಕುಛ್ ನಹೀ ಪಪ್ಪಾ. ನನ್ನ ಮುಂದ ಹೇಳು. ಪ್ರಾಮಿಸ್ ಮಾಡೀನಿ. ಯಾರಿಗೆ? ಮಮ್ಮೀಗೆ, ಪಪ್ಪಾಗ ಹೇಳಬ್ಯಾಡ ಬೋಲೀ. ಕಣ್ಣು ಮುಚ್ಚಿಕೊಂಡೇ ಹೇಳಿದಳು, ಪ್ರಾಮಿಸ್ ಮುರಿದ ಬೇಸರಕ್ಕೆ ಮುಖ ನನ್ನ ಹೊಟ್ಟೆಯ ಕಡೆ ತಿರುಗಿಸಿ, ಕಿತ್ತಳೆವಾಲೀ ದವಾ, ಏಕ್ ಢಕ್ಕನ್. ಒಂದು ಮುಚ್ಚಳ. ಯಾವಾಗ? ನೀವು ಆಟೊ ತರಲಿಕ್ಕೆ ಗಯೇ ನ, ತಬ್.

ಸಿಟ್ಟು ಬರಬೇಕು, ಬರುತ್ತಿಲ್ಲ, ಬಂದರೂ ಎಲ್ಲಿ ಇಡಲಿ ಅದನ್ನು. ನಾನು ಫರ್ನೇಸಿನ ಮುಂದೆ, ಅವಳು ಮಗುವಿನ ಮುಂದೆ, ಹಲ್ಲು ಕಟಕಟಿಸುವ ಮಗು ಒಂದು ಕಡೆ, ಹಾಲಿಗೆ ಅಳುವ ಮಗು ಒಂದು ಕಡೆ, ಕೈಗೆ ಸಿಗುವ ಹಾಗೆ ಕಪಾಟಿನಲ್ಲಿ ಸಿರಪ್ ಬಾಟಲಿ, ರಾತ್ರಿಯಿಡೀ ಅದನ್ನು ಮುಟ್ಟದೆ ಇದ್ದಳಲ್ಲ, ಬೆಳಗಾದ ಮೇಲೆ ಮುಟ್ಟಿದಳು. ರಕ್ತ ತೆಗೆಯುವುದಷ್ಟೇ ಎಂದು ಅವಳಿಗೆ ಗೊತ್ತು, ಇವತ್ತಾಗದಿದ್ದರೆ ಮುಂದಿನ ತಿಂಗಳು, ಅದಕ್ಕಾಗಿ ಮಗು ಇಷ್ಟು ದೂರ ಸುಡುತ್ತ ಹೋಗಬೇಕೇ ಅಂದುಕೊಂಡಿರುತ್ತಾಳೆ, ಮುಂದಿನ ತಿಂಗಳು ಇಲ್ಲ ನೀಲಾ, ಮುಂದೆ ಇರುವುದು ಸೂಜಿ, ದಪ್ಪ ಇರುತ್ತದಂತೆ, ಹೇಳಿದ್ದರೆ ಆ ಮುಚ್ಚಳ ತೆಗೆಯುತ್ತಿರಲಿಲ್ಲ ನೀನು. ಹೇಳಲಿಲ್ಲ ನಾನು. ಬರೇಜಡಿ, ಗಾಡಿ ಯಾಕೋ ನಿಧಾನ, ಓಡು ಮಾರಾಯ್ತಿ, ಶಾಲು ತೆಗೆದು ಸುತ್ತಿದೆ, ಸ್ವೆಟರಿನ ಮೇಲಿನ ಗುಂಡಿ ಹಾಕಿದೆ, ಕಿಟಕಿಯ ಗಾಜು ಇಳಿಸಿದೆ, ಇರುವ ಬಿಸಿಯಾದರೂ ಹೊರಗೆ ಹೋಗದಿರಲಿ, ಇದೇನು ಡಬ್ಬಿಯಲ್ಲಿ ತಂದ ರೊಟ್ಟಿಯೇ, ಗೊತ್ತು, ಆದರೂ ಸುತ್ತಿದೆ. ಅರೇ ಭಾಈ, ಉಸಿರು ಕಟ್ಟುತ್ತೆ ಮಗುವಿಗೆ ಎಂದು ಹೆಂಗಸು ಗದರಿ ಶಾಲನ್ನು ತಾನೇ ಎಳೆದಳು. ವಟವಾ, ಕಾರ್ಖಾನೆ ಹೊಗೆ, ಹಳದಿ ಬಿಸಿಲು, ಬಿಸಿಲು ನೇರ ಮಗಳ ಮುಖದ ಮೇಲೆ ಬಿತ್ತು, ಮೇಲ್ತುಟಿ ಮಿನುಗಿತು, ಇಲ್ಲ, ಬಿಸಿಲು ಅದು, ಕೈ ಅಡ್ಡ ಹಿಡಿದೆ, ನೆರಳಲ್ಲೂ ಇದೆ. ಸಾಸಿವೆಯಷ್ಟು. ಹೆಬ್ಬೆರಳಿನಿಂದ ಒರೆಸಿದೆ. ಹೆಂಗಸು ಹಣೆ ಮುಟ್ಟಿ, ಲೋ, ತಾವ್ ಉತರೀ ಗಯೋ, ಇಳಿಯಿತು ನೋಡು, ಮಾತಾಜಿಯ ದಯೆ ಎಂದು ಕೈ ಮುಗಿದಳು, ಬೋಳುತಲೆಯವನು ಎಲೆ ಕೆಳಗಿಟ್ಟು ಔಷಧಿ ಇಲ್ಲದೇನೇ ಇಳೀತಾ, ಡಾಕ್ಟರು ದೊಡ್ಡವನೇ ಕಣಪ್ಪ ಅಂದ, ಎಲ್ಲರಿಗೂ ಸಂತೋಷ, ಒಳ್ಳೆಯ ಜನ, ಹೆಂಗಸು ಚೀಲದಿಂದ ಇನ್ನೊಂದು ಹಣ್ಣು ತೆಗೆದಳು, ನಿಶ್ಚಿತಾ ಎದ್ದು ಕೂತು ಕೂದಲು ಹಿಂದೆ ಸರಿಸಿ, ಪಪ್ಪಾ, ಭೂಖ ಲಾಗಿ. ಮಣಿನಗರ ಬರುತ್ತಿದೆ, ಅದರ ಮುಂದೆ ಅಹಮದಾಬಾದ್, ಡಾಕ್ಟರು ಕನ್ನಡಕ ತೆಗೆಯುತ್ತಾರೆ, ಇಲ್ಲಿ ಎಂದು ಸೊಂಟದ ಹಿಂದೆ ಬೆರಳಿಡುತ್ತಾರೆ, ಒರೆಸುತ್ತೇನೆ, ಮಗಳು ತೊಳೆ ಬಾಯಿಗಿಟ್ಟುಕೊಂಡು ನನ್ನ ನೋಡಿ ನಗುತ್ತಾಳೆ, ಒರೆಸಿದ ಜಾಗದಲ್ಲೇ, ಮೇಲ್ತುಟಿಯ ಮೇಲೆ, ಮತ್ತೆ ಒಂದು ಹನಿ, ಒರೆಸುತ್ತೇನೆ, ಒಂದು ಹನಿ