ನೀರಿನ ಚೌಕಕ್ಕೆ ಹಸಿರು

ಹದಿನೇಳು ಗುರಿ, ಒಂಬತ್ತು ವಾರ್ಡು. ಸುಸ್ಥಿರ ಅಭಿವೃದ್ಧಿ ಎಂದು ಮೇಲಿನವರು ಹೇಳಿದ್ದನ್ನೆಲ್ಲ ಪುರಸಭೆಯ ಗೋಡೆಗೆ ಇಳಿಸಿದವನು ನಾನು, ಬೋರ್ಡು ಬರೆಯುವವನು. ಗುರಿ ಮುಟ್ಟಿದ ವಾರ್ಡಿಗೆ ಹಸಿರು ಚೌಕ, ಮುಟ್ಟದ್ದಕ್ಕೆ ಕೆಂಪು. ಕೆಂಪೇ ಜಾಸ್ತಿಯಿತ್ತು. ಇನ್ನೊಂದೇ ಚೌಕ ಉಳಿದಿದೆ ಎನ್ನುವಾಗ ಕೆಂಪು ಬಣ್ಣದ ಡಬ್ಬ ಬರಿದಾಯಿತು, ಗೋಡೆ ನೋಡಲು ಬರಬೇಕಿದ್ದ ಅತಿಥಿಗಳ ಕಾರು ಗೇಟಿನೊಳಗೆ ಬಂತು.

ಉಳಿದದ್ದು ನಮ್ಮ ವಾರ್ಡಿನ ನೀರಿನ ಚೌಕ. ಬೇರೆಯವರದ್ದನ್ನು ಬಾಕಿಯಿಟ್ಟರೆ ಜಗಳವೆಂದು ನಮ್ಮದನ್ನೇ ಕೊನೆಗಿಟ್ಟುಕೊಂಡಿದ್ದೆ. ಖಾಲಿ ಬಿಟ್ಟರೆ ಗೋಡೆ ಹಲ್ಲುದುರಿದ ಬಾಯಿಯಂತೆ ಕಾಣುತ್ತಿತ್ತು. ನಾಳೆ ಸರಿಮಾಡಿದರಾಯಿತೆಂದು ಹಸಿರು ಬಳಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಗೋಡೆಯ ಫೋಟೊ ಆ ಸಂಜೆಯೇ ಪ್ರಾದೇಶಿಕ ಕಚೇರಿಗೆ ಹೋಯಿತು, ಅದನ್ನು ನೋಡಿಯೇ ಅಲ್ಲಿ ವರ್ಷದ ವರದಿ ತುಂಬಿದರು. ಗುರಿ ಮುಟ್ಟಿದ ವಾರ್ಡಿಗೆ ನೀರಿನ ಟ್ಯಾಂಕರ್ ಯಾಕೆಂದು ಮೂರನೇ ದಿನವೇ ನಿಲ್ಲಿಸಿದರು. ಮನೆಯಲ್ಲಿ ಅಮ್ಮ ಹಾಸಿಗೆ ಹಿಡಿದಿದ್ದಾಳೆ. ಆಗಾಗ ಒರೆಸಿ ಬಟ್ಟೆ ಬದಲಿಸದಿದ್ದರೆ ಬೆನ್ನಿನ ಹುಣ್ಣು ಕೀವಾಗುತ್ತದೆ. ಹೆಂಡತಿ ಪಕ್ಕದ ವಾರ್ಡಿನಲ್ಲಿ ಬೇಡಿ ತರುವ ಒಂದು ಕೊಡದಲ್ಲೇ ಎಲ್ಲ ಆಗಬೇಕು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಣ್ಣುತ್ತಿರುವವಳು ಅಮ್ಮ.

ಪುರಸಭೆಯ ಗುಮಾಸ್ತರ ಬಳಿ ಓಡಿದೆ.

"ತಪ್ಪು ನಂದೇ ಸಾರ್. ಬಣ್ಣ ಸಾಲಲಿಲ್ಲ. ಈಗ್ಲೇ ಕೆಂಪು ಹಚ್ಚಿಬಿಡ್ತೀನಿ."

"ಗೋಡೆಗೆ ಹಚ್ತೀಯಪ್ಪ, ವರದಿಗೆ ಏನು ಹಚ್ತೀಯ? ಮುಂದಿನ ವರ್ಷದವರೆಗೆ ಕಂಪ್ಯೂಟರಲ್ಲಿ ಅದು ತೆರೆಯಲ್ಲ. ತೆರೆದ್ರೂ, ಮುಟ್ಟಿದ ಗುರಿ ಹಿಂದಕ್ಕೆ ಹೋಯ್ತು ಅಂತ ಬರೆಯೋಕೆ ಅದರಲ್ಲಿ ಜಾಗಾನೇ ಇಲ್ಲ."

"ನಮ್ಮ ಬೀದೀಲಿ ನೀರಿಲ್ಲ ಸಾರ್!"

"ಗೊತ್ತು ಕಣಯ್ಯ. ನನ್ನ ತಂಗಿ ಮನೇನೂ ಅಲ್ಲೇ ಇರೋದು."

ಬೈದುಬಿಡೋಣವೆಂದರೆ ಬೈಯಲೂ ಒಬ್ಬರು ಸಿಗಲಿಲ್ಲ. ಅವರು ಮುಖ ತಗ್ಗಿಸಿಕೊಂಡೇ ಒಂದು ಚೀಟಿ ಕೊಟ್ಟರು. ನಮ್ಮ ಬೀದಿಯಲ್ಲಿ ನಾನೇ ಬರೆಯಬೇಕಾದ ಬೋರ್ಡು: 'ಎಲ್ಲರಿಗೂ ಶುದ್ಧ ನೀರು ತಲುಪಿದ ಮಾದರಿ ವಾರ್ಡು.' ನಾನು ಒಲ್ಲೆನೆಂದರೆ ಇನ್ನೊಬ್ಬ ಬರೆಯುತ್ತಾನೆ. ಹಾಳಾಗಿ ಹೋಗಲಿ ಎಂದು ಬರೆದೆ.

ಪಕ್ಕದ ಮನೆಯ ಅಜ್ಜಿಗೆ ಓದು ಬಾರದು. "ಏನಪ್ಪ ಅದು?" ಎಂದಳು. ಓದಿ ಹೇಳಿದೆ. ವಿವರಿಸುವ ಮೊದಲೇ ನಮ್ಮ ಮನೆಗೆ ನುಗ್ಗಿ, "ನಿನ್ನ ಮಗ ನೀರು ತರಿಸಿಬಿಟ್ಟ ಕಣೇ!" ಎಂದು ಕೂಗಿದಳು.

ನಾನು ಒಳಗೆ ಹೋದಾಗ ಅಮ್ಮನ ಮುಖ ಅರಳಿತ್ತು. ಹಾಸಿಗೆಯಲ್ಲೇ ಬಟ್ಟೆ ಒದ್ದೆಯಾದರೆ ಒಗೆಯಲು ನೀರಿಲ್ಲವೆಂದು ಅವಳು ನಾಲ್ಕು ದಿನದಿಂದ ಗುಟುಕು ಗುಟುಕಾಗಿ ಕುಡಿಯುತ್ತಿದ್ದದ್ದು ನನಗೆ ಗೊತ್ತೇ ಇರಲಿಲ್ಲ.

"ಹಂಗಾದ್ರೆ ಇವತ್ತು ಒಂದು ಲೋಟ ಪೂರ್ತಿ ಕುಡೀಲೇನೋ?"

ಹೆಂಡತಿ ಕೊಡದೊಳಗೆ ಬಗ್ಗಿ ನೋಡಿ ನನ್ನ ಮುಖ ನೋಡಿದಳು.

"ಕುಡಿಯಮ್ಮ," ಎಂದೆ.